ಸಂಘದ ಅರ್ಜಿ ಈಗ ಯಾರ ಟೇಬಲ್ ಮೇಲಿದೆ? ಸಲಹೆಗಾರ ಅಧ್ಯಾಪಕರಿಗೆ ಸಮಗ್ರ ಮಾರ್ಗದರ್ಶಿ

ಕಾರ್ಯಕ್ರಮಕ್ಕೆ ಇನ್ನು ನಾಲ್ಕೇ ದಿನ. ಸ್ಟಾಫ್ ರೂಮಿನ ಬಾಗಿಲಲ್ಲಿ ವಿದ್ಯಾರ್ಥಿ ಸಂಘದ ಇಬ್ಬರು ಹುಡುಗಿಯರು ನಿಂತಿರುತ್ತಾರೆ. ‘ಸರ್, ಧಾರವಾಡದ ಯೂನಿವರ್ಸಿಟಿಯಿಂದ ಇನ್ನೂ ಏನೂ ಬಂದಿಲ್ಲ.’ ಹುಡುಕಿದರೆ ಪತ್ರ ಧಾರವಾಡಕ್ಕೆ ಹೋಗಿಯೇ ಇರುವುದಿಲ್ಲ. ನಮ್ಮದೇ ಕಾಲೇಜಿನ ಕಚೇರಿಯಲ್ಲಿ, ಪರೀಕ್ಷಾ ಶುಲ್ಕದ ಚಲನ್‌ಗಳ ಕೆಳಗೆ, ಮೂರು ವಾರದಿಂದ ತಣ್ಣಗೆ ಮಲಗಿರುತ್ತದೆ.

ಬ್ಯಾಚ್ ಬದಲಾಗುತ್ತದೆ, ಕಥೆ ಬದಲಾಗುವುದಿಲ್ಲ. ಮಕ್ಕಳಿಗೆ ಜವಾಬ್ದಾರಿ ಇಲ್ಲ ಅಂತ ಬೈದು ನಾವು ಸುಮ್ಮನಾಗುತ್ತೇವೆ. ಆದರೆ ಕಾಗದ ಯಾವ ದಾರಿಯಲ್ಲಿ ಹೋಗುತ್ತದೆ ಅಂತ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ ಅಲ್ವಾ? ಕೆಲವು ಸಲಹೆಗಾರರು ಕೊಟ್ಟಲ್ಲಿ ಸಹಿ ಹಾಕಿ ಕಳಿಸುತ್ತಾರೆ. ಕೆಲವರು ಎಲ್ಲ ಓಡಾಟ ತಾವೇ ಮಾಡಿಕೊಡುತ್ತಾರೆ. ಎರಡರಲ್ಲೂ ಮುಂದಿನ ವರ್ಷದ ಸಂಘ ಮತ್ತೆ ಸೊನ್ನೆಯಿಂದ ಶುರು ಮಾಡುತ್ತದೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದು ಜಾಸ್ತಿ ದುಬಾರಿ. ಇಲ್ಲಿನ ಹೆಚ್ಚಿನ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಕಾರವಾರದಿಂದ ಅಂಕೋಲಾ, ಅರಬೈಲ್ ಘಾಟ್, ಯಲ್ಲಾಪುರ ದಾಟಿ ಹೋಗಿ ಬರುವಷ್ಟರಲ್ಲಿ ದಿನ ಮುಗಿಯುತ್ತದೆ. ಒಂದು ಸಹಿ ಬಿಟ್ಟುಹೋಗಿದ್ದರೆ ಇನ್ನೊಂದು ದಿನ.

ಉದಾಹರಣೆಗೆ ಒಂದೇ ಕಾರ್ಯಕ್ರಮ ಇಟ್ಟುಕೊಳ್ಳೋಣ. ಶಿರಸಿ ಕಡೆಯ ಕಾಲೇಜಿನ ಪ್ರಕೃತಿ ಸಂಘವೊಂದು ಎರಡು ದಿನ ಕಾರವಾರಕ್ಕೆ ಬಂದು ಕಡಲ ತೀರದ ಜೀವಿಗಳನ್ನು ನೋಡಬೇಕು. ಕೋಡಿಬಾಗದಲ್ಲಿ ವಿಶ್ವವಿದ್ಯಾಲಯದ್ದೇ ಸಾಗರ ಜೀವಶಾಸ್ತ್ರ ವಿಭಾಗ ಇದೆ, ಅಲ್ಲಿಗೂ ಹೋಗಬೇಕು. ದಿನಾಂಕ ಫೆಬ್ರವರಿ 17 ಮತ್ತು 18 ಅಂದುಕೊಳ್ಳಿ.

ಮೊದಲು ಕೈಯಲ್ಲಿರಬೇಕಾದ ಸಾಮಾನು

ಒಂದು ಉದ್ದ ನೋಟ್‌ಬುಕ್, ಒಂದು ಬಾಕ್ಸ್ ಫೈಲ್, ಸಂಘದ ಹೆಸರಿನ ಒಂದು ಇ-ಮೇಲ್. ಇ-ಮೇಲ್ ಕಾರ್ಯದರ್ಶಿಯ ಸ್ವಂತದ್ದು ಆಗಿರಬಾರದು. ಅವನು ಪಾಸಾಗಿ ಹೋದರೆ ಸಂಘದ ಪತ್ರವ್ಯವಹಾರವೂ ಅವನ ಜೊತೆ ಹೋಗುತ್ತದೆ. ಫೋನಿನಲ್ಲಿ ಸ್ಕ್ಯಾನ್ ಮಾಡುವ ಆ್ಯಪ್ ಇರಲಿ. ಗೋಡೆಗೆ ತೂಗುಹಾಕುವ ಪಂಚಾಂಗದ ಕ್ಯಾಲೆಂಡರ್ ಕೂಡ ಬೇಕು. ನಗಬೇಡಿ, ಅದರ ಕೆಲಸ ಎರಡನೇ ಹಂತದಲ್ಲಿ ಬರುತ್ತದೆ.

1. ಸಂಘ ಕಾಗದದ ಮೇಲೆ ಇದೆಯೇ ನೋಡಿ

ಹಲವು ಸಂಘಗಳು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಾತ್ರ ಇರುತ್ತವೆ. ಕಚೇರಿಯ ಲೆಕ್ಕದಲ್ಲಿ ಇರುವುದಿಲ್ಲ. ವರ್ಷದ ಆರಂಭದಲ್ಲೇ ಪ್ರಾಂಶುಪಾಲರಿಂದ ಒಂದು ಪುಟದ ಆದೇಶ ಮಾಡಿಸಿಕೊಳ್ಳಿ. ಸಂಘದ ಹೆಸರು, ಸಲಹೆಗಾರರ ಹೆಸರು, ಪದಾಧಿಕಾರಿಗಳ ಪಟ್ಟಿ, ಯಾವ ವರ್ಷಕ್ಕೆ ಅನ್ನುವುದು. ಇಷ್ಟು ಸಾಕು.

ಸಾಮಾನ್ಯ ತಪ್ಪು: ಹಳೆಯ ಆದೇಶದಲ್ಲಿ ವರ್ಗವಾಗಿ ಹೋದ ಅಧ್ಯಾಪಕರ ಹೆಸರು ಹಾಗೇ ಉಳಿದಿರುತ್ತದೆ. ಪತ್ರಕ್ಕೆ ನೀವು ಸಹಿ ಹಾಕುತ್ತೀರಿ, ದಾಖಲೆಯಲ್ಲಿ ಬೇರೆಯವರು. ಇದು ಗೊತ್ತಾಗುವುದು ಬಿಲ್ ಪಾಸು ಮಾಡುವ ಹೊತ್ತಿಗೆ, ಅಂದರೆ ಅತಿ ಕೆಟ್ಟ ಹೊತ್ತಿಗೆ.

2. ಕಾರ್ಯಕ್ರಮದ ದಿನದಿಂದ ಹಿಂದಕ್ಕೆ ಎಣಿಸಿ

ಮಕ್ಕಳು ಇವತ್ತಿನಿಂದ ಮುಂದಕ್ಕೆ ಎಣಿಸುತ್ತಾರೆ. ‘ಇನ್ನೂ ಒಂದು ತಿಂಗಳಿದೆ ಸರ್.’ ಅವರನ್ನು ಕೂರಿಸಿ ಹಿಂದಕ್ಕೆ ಎಣಿಸಲು ಹೇಳಿ. ಫೆಬ್ರವರಿ 17ಕ್ಕೆ ಕಾರ್ಯಕ್ರಮ ಅಂದರೆ 10ಕ್ಕೆ ಎಲ್ಲ ಅನುಮತಿಯ ಪ್ರತಿ ಫೈಲಿನಲ್ಲಿರಬೇಕು. ಹೊರಗಿನ ಕಚೇರಿಗಳಿಗೆ ಎರಡು ವಾರ ಬಿಟ್ಟರೆ ಜನವರಿ 27. ಆ ಪತ್ರಗಳ ಜೊತೆ ಪ್ರಾಂಶುಪಾಲರ ಒಪ್ಪಿಗೆ ಲಗತ್ತಿಸಬೇಕು, ಅದಕ್ಕೊಂದು ವಾರ. ವಿಶ್ವವಿದ್ಯಾಲಯದಿಂದ ಏನಾದರೂ ಬರಬೇಕಿದ್ದರೆ ನಾಲ್ಕು ವಾರ ಇಡಿ. ಅಲ್ಲಿಗೆ ಜನವರಿ ಮೊದಲ ವಾರದಲ್ಲೇ ಪತ್ರ ತಯಾರಿರಬೇಕು ಅಂತಾಯಿತು. ಒಂದು ತಿಂಗಳಲ್ಲ, ಆರು ವಾರ.

ಈಗ ಪಂಚಾಂಗ ತೆಗೆಯಿರಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಕಡಲು ದೂರದವರೆಗೆ ಇಳಿಯುತ್ತದೆ. ಬಂಡೆಗಳ ಸಂದಿಯ ಜೀವಿಗಳು ಕಾಣುವುದು ಆಗಲೇ. ಒಂದು ವಾರ ಕಳೆದು ಅಷ್ಟಮಿಯ ಹೊತ್ತಿಗೆ ಇಳಿತ ಸಪ್ಪೆ. ಅನುಮತಿ ತಡವಾಯಿತು, ಮುಂದಿನ ವಾರ ಹೋದರಾಯಿತು ಅಂತ ಮುಂದೂಡಿದರೆ ಬಸ್ಸೂ ಬರುತ್ತದೆ, ಊಟವೂ ಸಿಗುತ್ತದೆ, ನೋಡಲು ಬಂದ ಜೀವಿಗಳು ಮಾತ್ರ ನೀರಿನ ಕೆಳಗಿರುತ್ತವೆ. ಪ್ರತಿ ಕಾರ್ಯಕ್ರಮಕ್ಕೂ ಹೀಗೆ ಸರಿಸಲಾಗದ ಒಂದು ಮೊಳೆ ಇರುತ್ತದೆ. ಅತಿಥಿಯ ರೈಲು ಟಿಕೆಟ್ ಇರಬಹುದು, ಸಭಾಭವನ ಇರಬಹುದು. ಅದು ಯಾವುದು ಅಂತ ಮೊದಲೇ ಗುರುತಿಸಿ, ಉಳಿದದ್ದನ್ನು ಅದಕ್ಕೆ ಕಟ್ಟಿ.

ನಮ್ಮ ಕಡೆಯ ಕೆಲವು ಗುಂಡಿಗಳನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಜುಲೈ, ಆಗಸ್ಟ್‌ನಲ್ಲಿ ಮಳೆ ರಜೆ ಯಾವಾಗ ಬೀಳುತ್ತದೋ ಹೇಳಲಾಗದು. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ದಿನಗಟ್ಟಲೆ ಬಂದ್ ಆಗಿತ್ತು. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ವಾರ ಬಸ್ಸೂ ಸಿಗದು, ಜನವೂ ಸಿಗರು. ಮಾರ್ಚ್ ಕೊನೆಯಲ್ಲಿ ಲೆಕ್ಕ ವಿಭಾಗದವರ ಮುಖ ನೋಡಲೂ ಆಗದು.

3. ಈ ಕೆಲಸ ಯಾರ ಕೈಯಲ್ಲಿದೆ ಅಂತ ತಿಳಿಯಿರಿ

‘ಕುಲಪತಿಗಳಿಗೇ ಬರೆದುಬಿಡೋಣ ಸರ್’ ಅನ್ನುವ ಹುಡುಗ ಪ್ರತಿ ಬ್ಯಾಚಿನಲ್ಲೂ ಒಬ್ಬ ಇರುತ್ತಾನೆ. ಬರೆದರೆ ಏನಾಗುತ್ತದೆ? ‘ಪರಿಶೀಲಿಸಿ ಮಂಡಿಸಿ’ ಅಂತ ಷರಾ ಬಿದ್ದು ಪತ್ರ ಕೆಳಗಿಳಿಯುತ್ತದೆ. ಕೊನೆಗೆ ಬರುವುದು ನೀವು ಮೊದಲೇ ಕೊಡಬಹುದಾಗಿದ್ದ ಟೇಬಲ್ಲಿಗೇ. ಹತ್ತು ದಿನ ಹೋಯಿತು ಅಷ್ಟೆ.

ಹಾಜರಾತಿ, ಕಾಲೇಜಿನ ಕೋಣೆ, ಸಂಘದ ಹಣ, ಪ್ರವಾಸದ ಒಪ್ಪಿಗೆ ಪ್ರಾಂಶುಪಾಲರ ಮಟ್ಟದಲ್ಲೇ ಮುಗಿಯುತ್ತವೆ. ವಿಶ್ವವಿದ್ಯಾಲಯ ಮಟ್ಟದ ಸ್ಪರ್ಧೆ, ಉತ್ಸವ ಇದ್ದರೆ ವಿದ್ಯಾರ್ಥಿ ಕಲ್ಯಾಣ ವಿಭಾಗ. ಆಡಳಿತದ ಅನುಮತಿ ಕುಲಸಚಿವರದ್ದು, ಅಂದರೆ ರಿಜಿಸ್ಟ್ರಾರ್ ಅವರದ್ದು. ಪರೀಕ್ಷೆಯ ದಿನಾಂಕ ಅಡ್ಡ ಬಂದರೆ ಮೌಲ್ಯಮಾಪನ ಕುಲಸಚಿವರು. ಇಬ್ಬರೂ ಕುಲಸಚಿವರೇ, ಕಚೇರಿ ಬೇರೆ ಬೇರೆ. ಇಲ್ಲೇ ಅರ್ಧ ಪತ್ರಗಳು ದಾರಿ ತಪ್ಪುತ್ತವೆ. ಕೋಡಿಬಾಗದ ವಿಭಾಗಕ್ಕೆ ಭೇಟಿ ಕೊಡಲು ಆ ವಿಭಾಗದ ಮುಖ್ಯಸ್ಥರಿಗೆ ಬರೆದರೆ ಸಾಕು, ಧಾರವಾಡ ಸುತ್ತಬೇಕಿಲ್ಲ.

4. ಪತ್ರ ಬರೆಸಿ, ನೀವು ಬರೆಯಬೇಡಿ

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ಮಕ್ಕಳು ತರುವ ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ:

‘ಮಾನ್ಯರೇ, ನಮ್ಮ ಸಂಘವು ಪರಿಸರ ಜಾಗೃತಿಯ ಉದಾತ್ತ ಧ್ಯೇಯದಿಂದ ಕಡಲ ತೀರ ಅಧ್ಯಯನ ಪ್ರವಾಸ ಹಮ್ಮಿಕೊಂಡಿದ್ದು, ತಾವು ಅಗತ್ಯ ಸಹಕಾರ ನೀಡಬೇಕಾಗಿ ವಿನಂತಿ.’

ಕೇಳಲು ಚಂದ. ಆದರೆ ಗುಮಾಸ್ತರ ಜಾಗದಲ್ಲಿ ಕೂತು ಓದಿ. ‘ಅಗತ್ಯ ಸಹಕಾರ’ ಅಂದರೆ ಏನು? ಬಸ್ಸೇ, ಹಣವೇ, ರಜೆಯೇ? ಅವರು ಫೈಲಿನಲ್ಲಿ ಟಿಪ್ಪಣಿ ಬರೆದು ಮೇಲೆ ಕಳಿಸಬೇಕು. ಬರೆಯಲು ಏನೂ ಇಲ್ಲದ ಪತ್ರವನ್ನು ಪಕ್ಕಕ್ಕಿಡುತ್ತಾರೆ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಅದೇ ಪತ್ರ ಹೀಗಿರಲಿ:

‘ಫೆಬ್ರವರಿ 17 ಮತ್ತು 18ರಂದು ಬಿ.ಎಸ್‌ಸಿ. ನಾಲ್ಕನೇ ಸೆಮಿಸ್ಟರಿನ 32 ವಿದ್ಯಾರ್ಥಿಗಳು ಇಬ್ಬರು ಅಧ್ಯಾಪಕರ ಜೊತೆ ಕಾರವಾರಕ್ಕೆ ಅಧ್ಯಯನ ಪ್ರವಾಸ ಹೋಗಲು ಒಪ್ಪಿಗೆ ಕೊಡಬೇಕು. ಆ ಎರಡು ದಿನ ಅವರಿಗೆ ಹಾಜರಾತಿ ಕೊಡಬೇಕು. ವಿದ್ಯಾರ್ಥಿಗಳ ಪಟ್ಟಿ ಲಗತ್ತು 1. ಪಾಲಕರ ಒಪ್ಪಿಗೆ ಪತ್ರಗಳು ಲಗತ್ತು 2. ಎರಡು ದಿನಗಳ ವೇಳಾಪಟ್ಟಿ ಲಗತ್ತು 3.’

ಇದರಿಂದ ಟಿಪ್ಪಣಿ ತಾನಾಗಿಯೇ ಹುಟ್ಟುತ್ತದೆ. ಹಾಜರಾತಿಯ ಸಾಲು ಮರೆಯಬೇಡಿ. ಪರೀಕ್ಷೆಗೆ 75 ಶೇಕಡಾ ಹಾಜರಾತಿ ಬೇಕು. ಸೆಮಿಸ್ಟರ್ ಕೊನೆಗೆ 74ಕ್ಕೆ ನಿಂತ ಹುಡುಗ ನಿಮ್ಮ ಬಳಿಯೇ ಬಂದು ಅಳುತ್ತಾನೆ.

ಪತ್ರದ ಅಂಗಗಳನ್ನು ಒಂದೊಂದಾಗಿ ತೋರಿಸಿ. ‘ಇವರಿಗೆ’ ಅನ್ನುವಲ್ಲಿ ಹುದ್ದೆ ಬರೆಯಬೇಕು, ವ್ಯಕ್ತಿಯ ಹೆಸರಲ್ಲ. ವ್ಯಕ್ತಿ ವರ್ಗವಾಗುತ್ತಾರೆ, ಹುದ್ದೆ ಅಲ್ಲೇ ಇರುತ್ತದೆ. ‘ಮೂಲಕ’ ಅನ್ನುವ ಸಾಲು ಅತಿ ಮುಖ್ಯ. ವಿಶ್ವವಿದ್ಯಾಲಯಕ್ಕೆ ಹೋಗುವ ಸಂಘದ ಪತ್ರ ಪ್ರಾಂಶುಪಾಲರ ಮೂಲಕವೇ ಹೋಗಬೇಕು, ಅವರ ಸಹಿ, ಮೊಹರು ಮತ್ತು ಮುಖಪತ್ರದ ಜೊತೆ. ಇಲ್ಲದಿದ್ದರೆ ಧಾರವಾಡದ ಕಿಟಕಿಯಿಂದಲೇ ವಾಪಸ್. ‘ವಿಷಯ’ ಒಂದೇ ಸಾಲು. ಹಿಂದೆ ಪತ್ರ ಬರೆದಿದ್ದರೆ ‘ಉಲ್ಲೇಖ’ದಲ್ಲಿ ಅದರ ಸಂಖ್ಯೆ, ದಿನಾಂಕ.

ಇನ್ನೊಂದು ಕಟ್ಟಳೆ: ಒಂದು ಕಚೇರಿಗೆ ಒಂದು ಪತ್ರ. ಹಾಜರಾತಿಯನ್ನೂ ಹಣವನ್ನೂ ಒಂದೇ ಪತ್ರದಲ್ಲಿ ಕೇಳಿದರೆ ಅದು ಮೊದಲ ಟೇಬಲ್ಲಿನಲ್ಲೇ ನಿಲ್ಲುತ್ತದೆ. ಎರಡನೇ ಟೇಬಲ್ಲಿಗೆ ಸುದ್ದಿಯೇ ಹೋಗದು.

ಮಕ್ಕಳು ತಮ್ಮಲ್ಲಿ ಕೊಂಕಣಿ ಮಾತಾಡುತ್ತಾರೆ, ಪತ್ರಕ್ಕೆ ಕೂತಾಗ ಗ್ರಂಥದ ಕನ್ನಡಕ್ಕೆ ಹೋಗಿಬಿಡುತ್ತಾರೆ. ‘ಎದುರು ಕೂತು ಹೇಳಿದ ಹಾಗೆ ಬರಿ’ ಅನ್ನಿ. ನೀವು ಕೆಂಪು ಪೆನ್ನಿನಿಂದ ತಿದ್ದಿ, ಆದರೆ ಕೊನೆಯ ಪ್ರತಿ ಅವರೇ ಟೈಪ್ ಮಾಡಲಿ.

5. ಆವಕ ಸಂಖ್ಯೆ ಇಲ್ಲದೆ ಕಚೇರಿಯಿಂದ ಹೊರಗೆ ಬರಬೇಡಿ

‘ಟೇಬಲ್ ಮೇಲಿಟ್ಟು ಬಂದ್ವಿ ಸರ್.’ ಈ ಮಾತು ಕೇಳಿದ ಕೂಡಲೇ ಎಚ್ಚರವಾಗಿ. ಟೇಬಲ್ ಮೇಲಿಟ್ಟ ಪತ್ರ ಕೊಟ್ಟ ಪತ್ರವಲ್ಲ. ಎರಡು ಪ್ರತಿ ಒಯ್ಯಬೇಕು. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಆವಕ ಸಂಖ್ಯೆ (ಬಂದ ಪತ್ರಕ್ಕೆ ಕಚೇರಿ ಕೊಡುವ ನಂಬರ್), ದಿನಾಂಕ, ಮೊಹರು ಹಾಕಿಸಿಕೊಳ್ಳಬೇಕು. ಆಮೇಲೆ ಉದ್ದ ನೋಟ್‌ಬುಕ್ಕಿನಲ್ಲಿ ಐದು ಕಾಲಂ: ಪತ್ರದ ವಿಷಯ, ಕೊಟ್ಟ ದಿನ, ಆವಕ ಸಂಖ್ಯೆ, ಈಗ ಯಾರ ಟೇಬಲ್, ಮುಂದೆ ವಿಚಾರಿಸುವ ದಿನ. ನಾಲ್ಕನೇ ಕಾಲಂ ಖಾಲಿ ಇದ್ದರೆ ಆ ಪತ್ರ ಕಳೆದುಹೋಗಿದೆ ಅಂತಲೇ ತಿಳಿಯಿರಿ.

ಕಚೇರಿಯನ್ನು ಮಾತ್ರ ಯಾಕೆ ಬೈಯಬೇಕು? ಒಂದು ವರ್ಷ ಸಂಘದ ಪತ್ರವೊಂದು ಒಂಬತ್ತು ದಿನ ಕಾಣೆಯಾಗಿತ್ತು. ಗುಮಾಸ್ತರ ಮೇಲೆ ನಾನೇ ರೇಗಿ ಬಂದಿದ್ದೆ. ಕೊನೆಗೆ ಅದು ಸಿಕ್ಕಿದ್ದು ನನ್ನ ಚೀಲದಲ್ಲಿ, ಆಂತರಿಕ ಪರೀಕ್ಷೆಯ ಉತ್ತರ ಪತ್ರಿಕೆಗಳ ನಡುವೆ. ಸಹಿಗೆ ಅಂತ ಕೊಟ್ಟಿದ್ದರು, ‘ಆಮೇಲೆ ನೋಡ್ತೇನೆ’ ಅಂತ ಇಟ್ಟುಕೊಂಡಿದ್ದೆ. ಅಂದಿನಿಂದ ನೋಟ್‌ಬುಕ್ಕಿನ ನಾಲ್ಕನೇ ಕಾಲಂನಲ್ಲಿ ನನ್ನ ಹೆಸರೂ ಬರುತ್ತದೆ. ಎರಡು ದಿನಕ್ಕಿಂತ ಹೆಚ್ಚು ನನ್ನ ಬಳಿ ಪತ್ರ ಉಳಿದರೆ ಕೇಳುವ ಹಕ್ಕು ಮಕ್ಕಳಿಗೆ ಇದೆ, ಕೇಳುತ್ತಾರೆ ಕೂಡ.

6. ಬೆನ್ನು ಹತ್ತುವುದು ಹೇಗೆ

‘ದೇವರು ವರ ಕೊಟ್ಟರೂ ಪೂಜಾರಿ ಬಿಡ’ ಅಂತ ಮಕ್ಕಳು ಗೊಣಗುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಯಾವ ಕಾಗದ ಕಡಿಮೆ ಬಿದ್ದಿದೆ ಅಂತ ಗೊತ್ತಿರುವುದು ಹೆಚ್ಚಾಗಿ ಆ ಫೈಲು ನೋಡಿಕೊಳ್ಳುವ ವಿಷಯ ನಿರ್ವಾಹಕರಿಗೆ ಮಾತ್ರ. ಅವರನ್ನು ಅಡ್ಡಿ ಅಂತ ನೋಡುವ ಸಂಘ ಅವರಿಂದ ಏನನ್ನೂ ಕಲಿಯದು.

ಕೇಳುವ ರೀತಿ ಹೇಳಿಕೊಡಿ. ‘ಆಯ್ತಾ ಸರ್?’ ಅಂದರೆ ‘ಇಲ್ಲ’ ಅನ್ನುವ ಉತ್ತರ ಸುಲಭ. ‘ಆವಕ ಸಂಖ್ಯೆ ಇದು, ಹೋದ ಮಂಗಳವಾರ ಕೊಟ್ಟಿದ್ವಿ. ಇದಕ್ಕೆ ಇನ್ನೇನಾದರೂ ಕಾಗದ ಬೇಕಾ ಮೇಡಂ?’ ಅಂದರೆ ಅವರು ಫೈಲು ತೆಗೆದು ನೋಡಲೇಬೇಕು. ಇಬ್ಬರೇ ಹೋಗಲಿ, ಎಂಟು ಜನ ಅಲ್ಲ. ಸೋಮವಾರ ಬೆಳಿಗ್ಗೆ ಬೇಡ, ಟಪ್ಪಾಲು ರಾಶಿ ಬಿದ್ದಿರುತ್ತದೆ. ವಾರಕ್ಕೆ ಒಮ್ಮೆ ಸಾಕು, ಕೊನೆಯ ಹತ್ತು ದಿನದಲ್ಲಿ ಎರಡು ಸಲ.

ಧಾರವಾಡಕ್ಕೆ ಹೋಗುವುದು ಅನಿವಾರ್ಯ ಆದಾಗ ಮೊದಲು ಫೋನ್ ಮಾಡಿ ಅಧಿಕಾರಿ ಇದ್ದಾರೆಯೇ, ಫೈಲು ಅವರ ಬಳಿ ಬಂದಿದೆಯೇ ಕೇಳಿ. ಮೂಲ ಪತ್ರದ ಪ್ರತಿ, ಲಗತ್ತುಗಳ ಇನ್ನೊಂದು ಸೆಟ್, ಗುರುತಿನ ಚೀಟಿ, ಕಾಲೇಜಿನ ಎರಡು ಖಾಲಿ ಲೆಟರ್‌ಹೆಡ್ ಚೀಲದಲ್ಲಿರಲಿ. ಲೆಟರ್‌ಹೆಡ್ ಮೇಲೆ ಮುಂಚಿತವಾಗಿ ಸಹಿ ಮಾಡಿ ಮಾತ್ರ ಕೊಡಬೇಡಿ, ಎಷ್ಟೇ ಅವಸರವಿದ್ದರೂ.

ನೀವು ನಡುವೆ ಬರುವುದು ಯಾವಾಗ? ಎರಡು ಸಲ ವಿಚಾರಿಸಿಯೂ ಫೈಲು ಅದೇ ಟೇಬಲ್ಲಿನಲ್ಲಿದ್ದರೆ. ಯಾರಾದರೂ ‘ಚಹಾ ಖರ್ಚು’ ಕೇಳಿದರೆ ಆ ಕ್ಷಣವೇ. ಮಕ್ಕಳು ಕೊಡಬಾರದು, ನೀವೂ ಕೊಡಬಾರದು.

7. ಕ್ಯಾಂಪಸ್ಸಿನ ಹೊರಗಿನ ಅನುಮತಿ

ಸುಮ್ನೆ ನಡೆದು ಜೀವಿಗಳನ್ನು ನೋಡುವುದು ಬೇರೆ, ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಪೆಂಡಾಲ್ ಹಾಕಿ ಮೈಕ್ ಹಚ್ಚುವುದು ಬೇರೆ. ಎರಡನೆಯದಕ್ಕೆ ಜಿಲ್ಲಾಡಳಿತ, ನಗರಸಭೆ, ಪೊಲೀಸ್ ಮೂರನ್ನೂ ವಿಚಾರಿಸಬೇಕು. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಅದನ್ನು ಬಳಸುವ ಹಾಗಿಲ್ಲ. ಅರಣ್ಯದ ಒಳಗೆ ಹೆಜ್ಜೆ ಇಡುವುದಾದರೆ ಅರಣ್ಯ ಇಲಾಖೆಯ ಒಪ್ಪಿಗೆ.

ಡ್ರೋನ್ ವಿಡಿಯೊ ಬೇಕು ಅಂತ ಹುಡುಗರು ಹಟ ಹಿಡಿಯುತ್ತಾರೆ. ಕಾರವಾರದ ಪಕ್ಕದಲ್ಲೇ ಐಎನ್ಎಸ್ ಕದಂಬ ನೌಕಾನೆಲೆ ಇದೆ ಅಂತ ನೆನಪಿಸಿ, ಆ ಮಾತನ್ನು ಅಲ್ಲಿಗೇ ಮುಗಿಸಿ. ಜೀವಿಗಳನ್ನು ಬಾಟಲಿಯಲ್ಲಿ ತುಂಬಿಕೊಂಡು ಬರುವುದೂ ಬೇಡ. ಕಡಲ ಕುದುರೆ, ಸಮುದ್ರ ಸೌತೆ, ಹವಳ ಇವು 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ. ಅನುಮತಿ ಪತ್ರದಲ್ಲೇ ‘ಯಾವ ಜೀವಿಯನ್ನೂ ಸಂಗ್ರಹಿಸುವುದಿಲ್ಲ’ ಅಂತ ಒಂದು ಸಾಲು ಬರೆಸಿ.

8. ಹಣ: ಮಂಜೂರಾತಿ ಮೊದಲು, ಖರ್ಚು ಆಮೇಲೆ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಚಾಳಿ ಸಂಘಗಳಿಗೆ ವಿಪರೀತ. ಬ್ಯಾನರ್ ಮೊದಲು ಪ್ರಿಂಟ್ ಆಗುತ್ತದೆ, ಒಪ್ಪಿಗೆ ಆಮೇಲೆ ಬರುತ್ತದೆ. ಮಂಜೂರಾತಿಯ ದಿನಾಂಕಕ್ಕಿಂತ ಹಿಂದಿನ ಬಿಲ್ ಲೆಕ್ಕಕ್ಕೆ ನಿಲ್ಲುವುದು ಕಷ್ಟ. ಆಗ ದುಡ್ಡು ಹೋಗುವುದು ಕಾರ್ಯದರ್ಶಿಯ ಜೇಬಿನಿಂದ.

ಬಸ್ಸು, ಊಟದಂಥ ದೊಡ್ಡ ಖರ್ಚಿಗೆ ಮೂರು ದರಪಟ್ಟಿ ತರಿಸಿ. ಮೂರೂ ಒಂದೇ ಕೈಬರಹದಲ್ಲಿದ್ದರೆ ತಿರುಗಿಸಿ ಕಳಿಸಿ. ಬಿಲ್ ಕಾಲೇಜಿನ ಅಥವಾ ಸಂಘದ ಹೆಸರಿನಲ್ಲಿರಬೇಕು, ಅಂಗಡಿಯ ಹೆಸರು, ಸಂಖ್ಯೆ, ದಿನಾಂಕ ಇರಬೇಕು. ಯುಪಿಐ ಸ್ಕ್ರೀನ್‌ಶಾಟ್ ಬಿಲ್ ಅಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಆಟೊದವರು, ದೋಣಿಯವರು ಬಿಲ್ ಕೊಡುವುದಿಲ್ಲ. ಅವರಿಗೆ ಖಾಲಿ ವೋಚರ್ ಮೊದಲೇ ಒಯ್ದು ಅಲ್ಲೇ ಸಹಿ ಹಾಕಿಸಿ. 5,000 ರೂಪಾಯಿ ಮೀರಿದ ರಸೀದಿಗೆ 1 ರೂಪಾಯಿಯ ರೆವಿನ್ಯೂ ಸ್ಟಾಂಪ್ ಬೇಕು. ಸಂಜೆ ಹೊತ್ತಿಗೆ ಅದು ಎಲ್ಲೂ ಸಿಗದು, ಒಂದು ಹಾಳೆ ಫೈಲಿನಲ್ಲಿರಲಿ.

ವಿದ್ಯಾರ್ಥಿಗಳಿಂದ ಸಂಗ್ರಹಿಸುವ ಹಣ ಯಾರದೋ ಸ್ವಂತ ಖಾತೆಗೆ ಹೋಗಬಾರದು. ಮುಂಗಡ ಪಡೆದಿದ್ದರೆ ವಾಪಸ್ ಬಂದ ವಾರದೊಳಗೆ ಲೆಕ್ಕ ಕೊಟ್ಟುಬಿಡಿ. ಫೆಬ್ರವರಿ ಕಾರ್ಯಕ್ರಮದ ಲೆಕ್ಕ ಮಾರ್ಚ್ 31 ದಾಟಿದರೆ ಅದು ಬೇರೆ ವರ್ಷದ ಸಮಸ್ಯೆ ಆಗುತ್ತದೆ.

9. ಅಪಾಯದ ಗುರುತುಗಳು

‘ಬಾಯಿಮಾತಲ್ಲಿ ಓಕೆ ಅಂದಿದಾರೆ ಸರ್’ ಅನ್ನುವುದು ಮೊದಲನೆಯದು. ಅವತ್ತೇ ಸಂಜೆ ಸಂಘದ ಇ-ಮೇಲ್‌ನಿಂದ ‘ಇಂದು ಮಾತಾಡಿದಂತೆ’ ಅಂತ ಎರಡು ಸಾಲು ಕಳಿಸಿಸಿ. ಎಲ್ಲ ವಿವರ ಒಬ್ಬನ ತಲೆಯಲ್ಲೇ ಇರುವುದು ಎರಡನೆಯದು. ಅವನಿಗೆ ಜ್ವರ ಬಂದರೆ ಕಾರ್ಯಕ್ರಮಕ್ಕೂ ಜ್ವರ. ಪತ್ರ ಮೂರನೇ ಸಲ ಹೊಸ ಆಕ್ಷೇಪದೊಂದಿಗೆ ವಾಪಸ್ ಬಂದರೆ ಸಮಸ್ಯೆ ಕಾಗದದ್ದಲ್ಲ, ಯಾರಿಗೋ ಕಾರ್ಯಕ್ರಮವೇ ಇಷ್ಟವಿಲ್ಲ. ಆಗ ಇನ್ನೊಂದು ಪತ್ರ ಬರೆಯಬೇಡಿ. ಎದ್ದು ಹೋಗಿ ಎದುರು ಕೂತು ಮಾತಾಡಿ.

10. ‘ಇಲ್ಲ’ ಅಂದರೆ

ಲಿಖಿತವಾಗಿ ಕೇಳಿ, ಜಗಳಕ್ಕಲ್ಲ, ಕಾರಣ ತಿಳಿಯಲು. ಅರ್ಧ ಸಲ ಕಾರಣ ಸಣ್ಣದಿರುತ್ತದೆ: ಜೊತೆಗೆ ಮಹಿಳಾ ಅಧ್ಯಾಪಕರಿಲ್ಲ, ಉಳಿಯುವ ಜಾಗದ ವಿವರವಿಲ್ಲ. ಸರಿಪಡಿಸಿ ಮತ್ತೆ ಕೊಡಬಹುದು.

ಶುಲ್ಕ, ಅಂಕಪಟ್ಟಿ, ತಾರತಮ್ಯದಂಥ ವಿದ್ಯಾರ್ಥಿಯ ಸ್ವಂತ ದೂರು ಬೇರೆ ದಾರಿಯದು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2023ರ ನಿಯಮದ ಪ್ರಕಾರ ವಿದ್ಯಾರ್ಥಿ ಕುಂದುಕೊರತೆ ಸಮಿತಿಗೆ ಕೊಡಬೇಕು. ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ಒಂಬುಡ್ಸ್‌ಪರ್ಸನ್‌ಗೆ, ಅಂದರೆ ಇಂಥ ದೂರು ವಿಚಾರಿಸುವ ಮೇಲಿನವರಿಗೆ, ಮೇಲ್ಮನವಿ ಹಾಕಬಹುದು. ಮಾಹಿತಿ ಹಕ್ಕಿನ ಅರ್ಜಿಯೂ ಇದೆ, ಉತ್ತರಕ್ಕೆ 30 ದಿನ. ಆದರೆ ಪ್ರವಾಸದ ಫೈಲಿಗಾಗಿ ಅದನ್ನು ಹಾಕುವ ಸಂಘಕ್ಕೆ ಉತ್ತರ ಬರುತ್ತದೆ, ಪ್ರವಾಸ ಆಗುವುದಿಲ್ಲ. ನಾನಂತೂ ಅದನ್ನು ಕೊನೆಗೆ ಇಡುತ್ತೇನೆ.

11. ಮುಂದಿನ ಬ್ಯಾಚಿಗೆ ಫೈಲು ದಾಟಿಸಿ

ಪರೀಕ್ಷೆಗೆ ಮುಂಚೆ ಒಂದು ಮಧ್ಯಾಹ್ನ ಹಳೆಯ, ಹೊಸ ಪದಾಧಿಕಾರಿಗಳನ್ನು ಒಟ್ಟಿಗೆ ಕೂರಿಸಿ. ನೋಟ್‌ಬುಕ್, ಆವಕ ಸಂಖ್ಯೆ ಇರುವ ಪ್ರತಿಗಳು, ಪಾಸಾದ ಒಂದು ಬಿಲ್, ವಾಪಸ್ ಬಂದ ಒಂದು ಬಿಲ್, ಇ-ಮೇಲ್ ಪಾಸ್‌ವರ್ಡ್, ಯಾವ ಕೆಲಸಕ್ಕೆ ಯಾವ ಟೇಬಲ್ ಅನ್ನುವ ಒಂದು ಹಾಳೆ. ವಾಪಸ್ ಬಂದ ಬಿಲ್ ಬೇಕೇ ಬೇಕು, ಅದರ ಮೇಲಿನ ಷರಾ ಓದಿಯೇ ಹೊಸಬರು ಜಾಸ್ತಿ ಕಲಿಯುತ್ತಾರೆ.

ಎಲ್ಲವನ್ನೂ ಸ್ಕ್ಯಾನ್ ಮಾಡಿ ಸಂಘದ ಇ-ಮೇಲ್‌ನಲ್ಲಿ ಇಡಿ. ಮೂಲ ಕಾಗದಗಳನ್ನು ಮುಚ್ಚಳ ಬಿಗಿಯಾಗುವ ಪ್ಲಾಸ್ಟಿಕ್ ಡಬ್ಬದಲ್ಲಿ ಹಾಕಿ, ಕಪಾಟಿನ ಮೇಲಿನ ಅರೆಯಲ್ಲಿ, ಗೋಡೆಗೆ ತಾಗದ ಹಾಗೆ ಇಡಿ. ನಮ್ಮ ಮಳೆಗಾಲದಲ್ಲಿ ಬರಿಯ ರಟ್ಟಿನ ಫೈಲು ಆಗಸ್ಟ್ ಹೊತ್ತಿಗೆ ಬೂಷ್ಟು ಹಿಡಿದಿರುತ್ತದೆ, ಮೊಹರಿನ ಶಾಯಿ ಹಿಂದಿನ ಪುಟಕ್ಕೆ ಅಂಟಿರುತ್ತದೆ.